ಲಗ್ನಪತ್ರಿಕಿ ತಿದ್ದಾಕ ಎಲ್ಲಾರೂ ಬರ್ರಿ

ನಾನು ಮರ್ದಾನಸಾಬ. ಲಕ್ಷ್ಮೇಶ್ವರದಾಗ ಲಗ್ನಪತ್ರಿಕಿ ಪ್ರಿಂಟ್ ಮಾಡಾಂವ. ನನ್ನ ಕಂಪ್ಯೂಟರಿನಾಗ ಇದ್ದ ವಿಂಡೋಸ್ ಯಾರೋ ಪುಣ್ಯಾತ್ಮ ಹಾಕಿಕೊಟ್ಟ ಕಳ್ಳ ಮಾಲು. ಮೊದಮೊದಲು ಸುಮ್ನಿತ್ತು. ಆಮ್ಯಾಲ ದಿನಾ ಮುಂಜಾನೆ ಗಿರಾಕಿ ಮುಂದನ ಪರದಿ ಕರ್ರಗ ಮಾಡ್ಕೊಂಡು ‘ನಿಮ್ಮದು ಅಸಲಿ ಅಲ್ಲ’ ಅಂತ ತೋರಿಸಾಕ ಹತ್ತಿತು. ನನ್ನ ಅಂಗಡ್ಯಾಗ ಕುಂತು, ನನ್ನ ಕರೆಂಟ ತಿಂದು, ನನಗ ಕಳ್ಳ ಅಂತೈತಿ! ತಲಿ ಕೆಟ್ಟು ಹೋತು.

ಮಗಳು ಮಹೆಕ ಗದಗ ಹತ್ರ ನಾಗಾವಿಯಾಗ ಕಂಪ್ಯೂಟರ್ ಓದತಾಳ. ರವಿವಾರ ಬಂದಾಕಿನ ಎಲ್ಲಾ ಅಳಿಸಿ, ವಿಂಡೋಸ್ ಬದಲಿ ಲಿನಕ್ಸ್ ಅನ್ನೋದು ಹಾಕಿದ್ಲು.

“ಅಬ್ಬಾ, ಇದಕ್ಕ ಮಾಲಕ ಇಲ್ಲ. ಜಗತ್ತಿನ ಮಂದಿ ಸೇರಿ ಮಾಡಿದ್ದು. ಯಾರು ಬೇಕಾದ್ರೂ ಬಿಚ್ಚಿ ನೋಡಬಹುದು, ತಿದ್ದಬಹುದು.”

“ತಿದ್ದಿದ್ರ ಕೇಸ್ ಹಾಕಂಗಿಲ್ಲಲಾ?”

“ಇಲ್ಲ. ಖುಷಿ ಪಡತಾರ.”

ಖರೆ ಹೇಳತೇನಿ, ಎದಿ ಉಬ್ಬಿತು. ಬಂದವರಿಗೆಲ್ಲಾ ಚಾ ಕುಡಸಿ ಇದನ್ನ ಹೇಳಿದ್ದ ಹೇಳಿದ್ದು.

ಅಷ್ಟರಾಗ ಶಿರಹಟ್ಟಿಯಿಂದ ಹನಮಪ್ಪ ಬಂದ. ನನ್ನ ಜೋಡಿ ಸಾಲಿ ಕಲ್ತಾಂವ, ನಲವತ್ತು ವರ್ಷದ ದೋಸ್ತ. ಅವನ ಮಗಳು ಕಾವೇರಿದು ಲಗ್ನ.

“ಲೇ ಮರ್ದಾನ, ಐದನೂರು ಕಾರ್ಡ್ ಬೇಕು. ನನಗೂ ನಮ್ಮ ಅಣ್ಣ ನೀಲಪ್ಪಗೂ ಯಾರ ಹೆಸರು ಮುಂದ ಅಂತ ಜಗಳ ನಡದೈತಿ. ಇದರಾಗ ಏನರ ಹೆಚ್ಚುಕಡಿಮಿ ಆತು, ಅಂವ ಲಗ್ನಕ್ಕ ಬರಂಗಿಲ್ಲ, ನಾ ನಿನ್ನ ಅಂಗಡಿ ಮೆಟ್ಟಲಾ ಹತ್ತಂಗಿಲ್ಲ.”

ನನಗ ಅಂಜಿಕಿ ಬಂತು. ಹಂಗಾಗಿ ಶಾಣ್ಯಾತನ ಮಾಡಿದ್ನಿ. ಶುಕ್ರವಾರ ಅವರ ಮನಿ ಮಂದಿನೆಲ್ಲಾ ಕರದು, “ಇದು ಮಾಲಕ ಇಲ್ಲದ ಕಂಪ್ಯೂಟರ್ರಿ. ಕಾರ್ಡ್ ತೆರದಿಟ್ಟೇನಿ. ಯಾರಿಗೆ ಏನ್ ಬೇಕೋ ನೀವ ತಿದ್ರಿ” ಅಂತ ಹೇಳಿ ನಮಾಜಿಗೆ ಹೋದ್ನಿ.

ತಿರುಗಿ ಬಂದ್ರ ಬಾಗಲಾಗ ಇಪ್ಪತ್ತೆರಡು ಜೋಡಿ ಚಪ್ಪಲಿ. ಒಳಗ ಕಾಲಿಡಾಕ ಜಾಗ ಇಲ್ಲ. ನೀಲಪ್ಪ ತನ್ನ ಹೆಸರು ಮ್ಯಾಲ ಒಯ್ದ. ಹನಮಪ್ಪನ ಹೇಣ್ತಿ ಗಂಡನ ಹೆಸರು ಅದಕ್ಕೂ ಮ್ಯಾಲ ಒಯ್ದ್ಲು. ನೀಲಪ್ಪನ ಮಗ ತಮ್ಮಪ್ಪನ ಅಕ್ಷರ ದಪ್ಪ ಮಾಡಿದ. ಕಾವೇರಿ ಸ್ವಾದರಮಾವ ಸಿಟ್ಟಿಗೆದ್ದು ತನ್ನ ಹೆಸರಿನ ಸುತ್ತ ಹೂವಿನ ಬಳ್ಳಿ ಹಾಕ್ಕೊಂಡ. ಹನಮಪ್ಪನ ಅವ್ವ, ಮುದುಕಿ ಅಮೃತವ್ವ, “ನಮ್ಮ ಮನಿಯವರನ್ನ ಬಿಟ್ರೆಲ್ಲಾ!” ಅಂತ ಅತ್ತಳು. ಆಕಿ ಗಂಡ ತೀರಿ ಹನ್ನೊಂದು ವರ್ಷ ಆಗಿತ್ತು, ಆದ್ರೂ ಆಗಮನಾಭಿಲಾಷಿಗಳ ಸಾಲಿನಾಗ ಸೇರಿಸಿದ್ರು.

ಸಂಜಿಮಟ ಹಗ್ಗ ಜಗ್ಗಾಡಿ, ಅಣ್ಣತಮ್ಮರ ಹೆಸರು ಒಂದ ಸಾಲಿನಾಗ, ಅಂಗೈ ಅಗಲ ಅಕ್ಷರದಾಗ ಕುಂಡ್ರಿಸಿದ್ರು. ಇಪ್ಪತ್ತೆರಡೂ ಮಂದಿ ಓದಿ ಹ್ಞೂಂ ಅಂದ ಮ್ಯಾಲನ ಐದನೂರು ಕಾರ್ಡ್ ತಗದು ಅವರ ಕೈಗೆ ಕೊಟ್ನಿ. ಅವತ್ತು ನಿಶ್ಚಿಂತಿಯಿಂದ ಊಟ ಮಾಡಿದ್ನಿ.

ಮರುದಿನ ಮುಂಜಾನೆ ಕಾವೇರಿ ಒಂದು ಕಾರ್ಡ್ ಹಿಡಕೊಂಡು ಬಂದ್ಲು. “ಕಾಕಾ, ಇದರಾಗ ಅವರ ಹೆಸರು ಇಲ್ಲಲ್ರಿ?”

“ಯಾರದವ್ವಾ? ಸತ್ತವರದೂ ಐತಿ.”

“ಕನಕರಾಜರದು.”

 ಕಾರ್ಡ್ ಕಸಗೊಂಡು ಓದಿದ್ನಿ. ‘ಕಾವೇರಿ ಇವಳ ವಿವಾಹವು’ ಅಂತ ಐತಿ, ಅದರ ಕೆಳಗ ಸೀದಾ ತಾರೀಖು. ದೊಡ್ಡ ಅಕ್ಷರಕ್ಕ ಜಾಗ ಮಾಡಾಕ ಹೋಗಿ ಮದುಮಗನ್ನ ಯಾರೋ ಅಳಿಸಿಬಿಟ್ಟಿದ್ರು.

ಸಿಟ್ಟಿನಾಗ ಮಹೆಕಗ ಫೋನ್ ಹಚ್ಚಿ ಬೈದ್ನಿ. “ಅಬ್ಬಾ, ಮಂದಿ ತಿದ್ದಬಹುದು ಅಂತ ನಾ ಹೇಳಿದ್ದು ಲಿನಕ್ಸಿಗೆ! ಲಗ್ನಪತ್ರಿಕಿಗಲ್ಲ!” ಅಂದು ನಗಾಕ ಹತ್ತಿದ್ಲು. ಸುಡ್ಲಿ, ಅದನ್ನ ಮೊದಲ ಹೇಳಬಾರದಾ?

ಅಷ್ಟರಾಗ ಹನಮಪ್ಪ ಬಂದ. ಮುಗೀತು ನಮ್ಮ ದೋಸ್ತಿ ಅನ್ಕೊಂಡ್ನಿ. “ಕಾವೇರಿ ತಂದಾಳ, ನೋಡು” ಅಂತ ಕೈಯಾಗಿನ ಕಾರ್ಡ್ ಅವನ ಮುಂದ ಹಿಡದ್ನಿ. ಓದಿದ. ಮತ್ತ ಓದಿದ. ಬೈಯಾಕ ಬಾಯಿ ತಗದಾಂವ ಸ್ಟೂಲಿನ ಮ್ಯಾಲ ಕುಸದು ಕುಂತ.

“ನಾನೂ ಓದಿ ಹ್ಞೂಂ ಅಂದೇನಲ್ಲೋ! ಇಪ್ಪತ್ತೆರಡು ಮಂದಿಗೆ ಕಾಣದ್ದು ನಿನಗ ಹೆಂಗ ಕಂಡಿತು ಕಾವೇರಿ?”

ಆಕಿ ತಲಿ ಎತ್ತಲಿಲ್ಲ. “ಎಲ್ಲಾರೂ ತಮ್ಮ ತಮ್ಮ ಹೆಸರು ಹುಡುಕಿದ್ರಪ್ಪಾ. ನಾ ಅವರದು ಹುಡುಕಿದ್ನಿ.”

ಹನಮಪ್ಪ ಟವೆಲ್‌ಲೆ ಮಾರಿ ಒರಸ್ಕೊಂಡ.

“ಮರ್ದಾನ, ಹೊಸದಾಗಿ ಹಾಕು. ಮೊದಲ ಹುಡುಗನ ಹೆಸರು. ಆಮ್ಯಾಲ ನಮ್ಮ ಅಣ್ಣಂದು. ನಂದು ಜಾಗ ಉಳದ್ರ ಹಾಕು, ಇಲ್ಲಾಂದ್ರ ಬಿಡು.”