ಗುರುವಾರದ ಆಣೆ

ರಾಜಮಾತೆ ಅಫ್ರಕೋಮ ಹೇಳಿದ ಮೂರನೆಯ ಹೆಸರೂ ಅದುಸೆಯದಾಗಿರಲಿಲ್ಲ.

ಅಸುಬ್ರೆಮ್ ಸೀಮೆಯ ಒಡೆಯ ತೀರಿಕೊಂಡು ನಲವತ್ತು ದಿನ ದಾಟಿತ್ತು. ಖಾಲಿ ಪೀಠಕ್ಕೆ ಹೆಸರು ಹೇಳುವ ಹಕ್ಕು ಆ ಮನೆತನದ ಹಿರಿಯ ಹೆಂಗಸಿನದು. ಒಪ್ಪುವುದು, ಬಿಡುವುದು ಊರ ಹಿರಿಯರದು. ಆಕೆ ಹೇಳಿದ ಮೊದಲನೆಯವನು ಕುಡುಕ. ಎರಡನೆಯವನಿಗೆ ಕಿವಿ ಕೇಳದು. ಹಿರಿಯರು ಇಬ್ಬರನ್ನೂ ತಳ್ಳಿಹಾಕಿದ್ದರು. ಈಗ ಅಂಗಳದಲ್ಲಿ ನೆರೆದ ಸಭೆಯ ಮುಂದೆ ಹೇಳಿದ್ದು ಅಡೊಮಾಕೊ ಎಂಬವನ ಹೆಸರನ್ನು. ಅವನು ಕುಮಾಸಿ ಪೇಟೆಯಲ್ಲಿ ಗಡಿಯಾರ ರಿಪೇರಿ ಮಾಡಿಕೊಂಡು ಹತ್ತು ವರ್ಷ ಊರ ಕಡೆ ತಲೆ ಹಾಕದವನು. ತನ್ನ ಹೆಸರು ಕೇಳಿ ಅವನೇ ಹಿಂದಕ್ಕೆ ತಿರುಗಿ ನೋಡಿದ, ಇನ್ಯಾರೋ ಇರಬೇಕೆಂದು.

ಊರಿಗೆ ಊರೇ ಬಯಸಿದ್ದು ಅದುಸೆಯನ್ನು. ಮರ ಕೊಯ್ಯುವ ಕಾರ್ಖಾನೆಯ ಮೇಸ್ತ್ರಿ, ಹೊಳೆಗೆ ಸೇತುವೆ ಹಾಕಿಸಿದವನು. ಜಗಳವಾದರೆ ಎರಡೂ ಕಡೆಯವರು ಅವನನ್ನೇ ಹುಡುಕಿಕೊಂಡು ಹೋಗುತ್ತಿದ್ದರು. ತಾಯಿಯ ಕಡೆಯಿಂದಲೇ ಎಣಿಸುವ ಅದೇ ಮನೆತನದವನು, ರಾಜಮಾತೆಗೆ ಮೊಮ್ಮಗನಾಗಬೇಕು. ಅವನ ಅಕ್ಕ ದುಫಿಯೆ ಸಂತೆಯಲ್ಲಿ ತಾಳೆ ಎಣ್ಣೆ ಮಾರುವವಳು. ಸಿಟ್ಟು ಬಂದರೆ ಅವಳಿಗೆ ಕಣ್ಣು ಕಾಣದು. ಅವಳು ಎದ್ದು ನಿಂತಳು.

"ಅಜ್ಜಿ, ನನ್ ತಮ್ಮನಲ್ಲಿ ಏನ್ ಕೊರತೆ ಕಂಡ್ರಿ? ನೀವೇ ಎತ್ತಿ ಆಡಿಸಿದ ಹುಡುಗ ಅಲ್ವಾ?"

ಸಭೆಯಲ್ಲಿ ರಾಜಮಾತೆ ಯಾರೊಡನೆಯೂ ನೇರ ಮಾತಾಡುವಂತಿಲ್ಲ. ಆಕೆಯ ಮಾತನ್ನು ಸಭೆಗೆ ಮುಟ್ಟಿಸುವವನು ಕೋಲು ಹಿಡಿದ ಮಾತುಗಾರ ಜ್ಯಾಸಿ. ಅವನು ಹತ್ತಿರ ಬಂದು ದನಿ ತಗ್ಗಿಸಿದ.

"ಕೂತ್ಕೊ ತಾಯಿ. ಅವರು ಬೇಡ ಅಂದ್ರೆ ಬೇಡ."

"ನೀನು ಕೋಲು ಹಿಡ್ಕೊಂಡು ನಿಂತ್ಕೊ ಮಾವ. ನಿನ್ನ ಬಾಯಿಗೆ ಬೆಣ್ಣೆ ಹಚ್ಚಿದ್ದು ಯಾರು ಅಂತ ಗೊತ್ತು. ನಿಂತಿರೋ ಗಡಿಯಾರಾನೇ ನಡೆಸೋಕೆ ಬರದೋನು ಸೀಮೆ ನಡೆಸ್ತಾನಂತೆ."

ಜನ ನಕ್ಕರು. ಅಡೊಮಾಕೊ ಕೂಡ ನಕ್ಕ. ನಗು ಕೇಳಿ ದುಫಿಯೆಗೆ ಇನ್ನಷ್ಟು ಹುರುಪು ಬಂತು.

"ಹೇಳಿ ಅಜ್ಜಿ. ನಾವೂ ಇದೇ ಹೊಟ್ಟೇಲಿ ಹುಟ್ಟಿದೋರು. ನಮ್ಮನ್ನೇನು ಸಂತೇಲಿ ಕೊಂಡ್ಕೊಂಡು ಬಂದಿದ್ರಾ?"

ಮುದುಕಿ ಕಣ್ಣು ಮುಚ್ಚಿಕೊಂಡಳು. ದುಫಿಯೆ ಅಷ್ಟಕ್ಕೆ ನಿಲ್ಲಿಸಬಹುದಿತ್ತು. ಅದುಸೆ ಅಕ್ಕನ ಮುಂಗೈ ಹಿಡಿದು, "ಸಾಕು ಬಿಡಕ್ಕ, ನಂಗೆ ಬೇಡ" ಎಂದ. ಅವಳು ಕೈ ಕೊಡವಿಕೊಂಡಳು.

"ಬೇಡ ಅನ್ನೋಕೆ ನೀನ್ಯಾರು? ಗುರುವಾರದ ಮೇಲಾಣೆ ಅಜ್ಜಿ. ಕಾರಣ ಹೇಳಿ."

ಸಭೆಯ ಅಂಚಿನಲ್ಲಿ ಮೆಲ್ಲಗೆ ನಗಾರಿ ಬಾರಿಸುತ್ತಿದ್ದವರ ಕೈ ಗಾಳಿಯಲ್ಲೇ ನಿಂತಿತು.

ಹಿಂದೆ ಒಬ್ಬ ಒಡೆಯ ಯುದ್ಧದಲ್ಲಿ ಸತ್ತ ಗುರುವಾರ ಅದು. ಅದನ್ನು ಬಾಯಲ್ಲಿ ಆಡುವುದೇ ಅಪರಾಧ. ಆಡಿಬಿಟ್ಟರೆ, ಯಾರ ಮೇಲೆ ಆಣೆ ಬಿತ್ತೋ ಅವರು ಸತ್ಯ ಹೇಳದೆ ಮೇಲೇಳುವಂತಿಲ್ಲ. ಇನ್ನೊಂದು ಕಟ್ಟಳೆಯೂ ಇತ್ತು: ಯಾರ ಹುಟ್ಟಿನ ಮೂಲವನ್ನೂ ಯಾರೂ ಎತ್ತಿ ಆಡಬಾರದು. ಅದಕ್ಕೆ ಹಿಂದೆ ತಲೆಯೇ ಹೋಗುತ್ತಿತ್ತು. ಎರಡು ಕಟ್ಟಳೆಗಳ ನಡುವೆ ಎಂಬತ್ತು ದಾಟಿದ ಹೆಂಗಸನ್ನು ದುಫಿಯೆ ಸಿಕ್ಕಿಸಿದ್ದಳು. ಅದು ಅವಳಿಗೆ ತಿಳಿದಿರಲಿಲ್ಲ.

ರಾಜಮಾತೆ ಜ್ಯಾಸಿಯನ್ನು ಬಗ್ಗಿಸಿಕೊಂಡು ಕಿವಿಯಲ್ಲಿ ಬಹಳ ಹೊತ್ತು ಹೇಳಿದಳು. ಎಂಥ ಕಹಿಯನ್ನೂ ನಯಮಾಡಿ ಹೇಳುವುದು ಅವನ ಕಸುಬು. ನೆಟ್ಟಗಾದವನು ತುಟಿ ಒದ್ದೆ ಮಾಡಿಕೊಂಡ. ಕೊನೆಗೆ ನೆಲ ನೋಡಿಕೊಂಡು ಇದ್ದದ್ದನ್ನು ಇದ್ದಂತೆ ಹೇಳಿದ:

"ದುಫಿಯೆ, ಅದುಸೆ ಇವರ ಅಜ್ಜಿಯ ತಾಯಿಯನ್ನ ರಾಜಮಾತೆಯವರ ಅಜ್ಜಿ ಸಲಗಾದ ಆಳು ಮಾರೋ ಸಂತೆಯಿಂದ ಕೊಂಡು ತಂದ್ರು. ಎರಡು ಹೊರೆ ಕೋಲಾ ಕಾಯಿ ಕೊಟ್ಟು."

ಎಲ್ಲೋ ಒಂದು ಮಗು ಅತ್ತಿತು. ತಾಯಿ ಅದರ ಬಾಯಿಗೆ ಕೈ ಅಡ್ಡ ಇಟ್ಟಳು.

ಸುಳ್ಳು ಎಂದು ಕೂಗಲು ದುಫಿಯೆ ಬಾಯಿ ತೆರೆದಳು. ಕಣ್ಣ ಮುಂದೆ ಮುತ್ತಜ್ಜಿಯ ಮುಖ ಬಂತು. ಎರಡೂ ಕೆನ್ನೆಯ ಮೇಲೆ ಮೂರು ಮೂರು ಗೆರೆ, ಬಡಗಣ ಸೀಮೆಯವರು ಮಕ್ಕಳ ಕೆನ್ನೆಗೆ ಕೊಯ್ದು ಹಾಕುವಂಥವು. ತೊಡೆಯ ಮೇಲೆ ಮಲಗಿ ದುಫಿಯೆ ಅವನ್ನು ಬೆರಳಲ್ಲಿ ಸವರುತ್ತಿದ್ದಳು. ಬೆಕ್ಕು ಪರಚಿದ್ದು ಕಣೆ ಎನ್ನುತ್ತಿದ್ದಳು ಮುತ್ತಜ್ಜಿ. ಎರಡೂ ಕಡೆ ಒಂದೇ ಅಳತೆಗೆ ಪರಚುವ ಬೆಕ್ಕು ಎಲ್ಲಿರುತ್ತದೆ?

ಆಗ ರಾಜಮಾತೆ ರೀತಿ ಮುರಿದು ತಾನೇ ಮಾತಾಡಿದಳು. ಆ ಅಂಗಳದಲ್ಲಿ ಆಕೆಯ ಸ್ವಂತ ದನಿಯನ್ನು ಯಾರೂ ಕೇಳಿರಲಿಲ್ಲ. ತೆಳ್ಳಗಿತ್ತು, ಸಾಮಾನ್ಯ ಮುದುಕಿಯದು.

"ಪೀಠದ ಮೇಲೆ ಕೂತೋನು ಈ ಮನೇಲಿ ಸತ್ತೋರನ್ನ ನಮ್ಮೋರು ಅಂತ ಕರೀಬೇಕು ಮಗಾ. ಸುಳ್ಳು ಹೇಳಿ ಕೂರ್ಸೋ ಧೈರ್ಯ ನಂಗೆ ಬರ್ಲಿಲ್ಲ. ನಾನು ಸತ್ತಿದ್ರೆ ಈ ವಿಷಯಾನೂ ಸಾಯ್ತಿತ್ತು. ಯಾಕ್ ಕೇಳಿದೆ?"

ದುಫಿಯೆಯ ಪಕ್ಕದಲ್ಲಿ ಕೂತಿದ್ದ ಹೆಂಗಸು, ನಲವತ್ತು ವರ್ಷದ ಗೆಳತಿ, ಸರಿಯಾಗಿ ಕೂರುವವಳಂತೆ ತನ್ನ ಬಟ್ಟೆಯ ತುದಿಯನ್ನು ತನ್ನ ಕಡೆಗೆ ಎಳೆದುಕೊಂಡಳು.

ಅದುಸೆ ಎದ್ದ. ಎಲ್ಲರೂ ಅವನು ಹೊರಟುಹೋಗುತ್ತಾನೆ ಅಂದುಕೊಂಡರು. ಅವನು ಅಡೊಮಾಕೊನ ಮುಂದೆ ಹೋಗಿ ಚಪ್ಪಲಿ ಕಳಚಿದ. ದೊರೆಯ ಎದುರು ಮಾಡುವಂತೆ ಹೆಗಲ ಮೇಲಿನ ಬಟ್ಟೆಯನ್ನು ಸೊಂಟಕ್ಕೆ ಇಳಿಸಿದ. ಅಡೊಮಾಕೊ ಗಾಬರಿಯಿಂದ ಅರ್ಧ ಎದ್ದ. ಏಳಬೇಕೋ ಕೂರಬೇಕೋ ತಿಳಿಯದೆ ಮೊಣಕಾಲು ಮಡಚಿಕೊಂಡೇ ನಿಂತ.

ತಮ್ಮನ ಹೆಗಲ ಬಟ್ಟೆ ಜಾರಿದಾಗಲೆಲ್ಲ ಸರಿಮಾಡುವ ಅಭ್ಯಾಸದಿಂದ ದುಫಿಯೆಯ ಕೈ ತಾನಾಗಿ ಮುಂದೆ ಹೋಯಿತು. ಅವನು ಹತ್ತು ಮಾರು ದೂರದಲ್ಲಿದ್ದ. ಅವನ ಬರಿಯ ಹೆಗಲ ಮೇಲೆ ಮಧ್ಯಾಹ್ನದ ಬಿಸಿಲು ಬಿದ್ದಿತ್ತು.