ನಾಲ್ಕನೇ ಸರದಿ, ಎರಡು ಗಜ

ಆಟದ ಅಂಗಳದ ಅಂಚಿನಲ್ಲಿ ಅಳತೆಯ ಸರಪಳಿ ಹಿಡಿದು ನಿಲ್ಲುವವನು ಯಾರ ಪರವಾಗಿಯೂ ಕೂಗಬಾರದು. ಇಪ್ಪತ್ತೆರಡು ವರ್ಷಗಳಿಂದ ನ್ಯೂ ಡೆಲ್ಫ್ಟ್ ಹೈಸ್ಕೂಲಿನ ಫುಟ್‌ಬಾಲ್ ಪಂದ್ಯಗಳಲ್ಲಿ ನಾನು ಹೀಗೆ ಬಾಯಿ ಮುಚ್ಚಿಕೊಂಡು ನಿಂತಿದ್ದೇನೆ. ಇಡೀ ಅಯೋವಾದಲ್ಲಿ ಇಷ್ಟು ಕಾಲ ಸುಮ್ಮನಿದ್ದ ಔಷಧಿ ಅಂಗಡಿಯವನು ಇನ್ನೊಬ್ಬನಿರಲಾರ.

ಆ ಶುಕ್ರವಾರ ನಮ್ಮವರು ಇಪ್ಪತ್ತು–ಹದಿನಾಲ್ಕರಿಂದ ಮುಂದಿದ್ದರು. ಪಂದ್ಯ ಮುಗಿಯಲು ಆರು ನಿಮಿಷ. ಚೆಂಡನ್ನು ಎದೆಗವಚಿಕೊಂಡು ನುಗ್ಗುವ ನಮ್ಮ ಅಮೆರಿಕನ್ ಫುಟ್‌ಬಾಲಿನಲ್ಲಿ ಹತ್ತು ಗಜ ದಾಟಲು ಸಿಗುವುದು ನಾಲ್ಕು ಸರದಿ; ದಾಟಿದರೆ ಮತ್ತೆ ನಾಲ್ಕು, ದಾಟದಿದ್ದರೆ ಚೆಂಡು ಅಲ್ಲೇ ಎದುರಾಳಿಗೆ. ಮೂರು ಮುಗಿದಿದ್ದವು, ಎರಡು ಗಜ ಉಳಿದಿತ್ತು, ಚೆಂಡು ನಮ್ಮ ಅರ್ಧದಲ್ಲೇ ಇತ್ತು. ಇಂಥ ಹೊತ್ತಿನಲ್ಲಿ ಚೆಂಡನ್ನು ಸಾಧ್ಯವಾದಷ್ಟು ದೂರ ಒದ್ದು ಎದುರಾಳಿಗೆ ಒಪ್ಪಿಸಿಬಿಡುವುದು ನಮ್ಮೂರಿನಲ್ಲಿ ಭಾನುವಾರ ಚರ್ಚಿಗೆ ಹೋಗುವಷ್ಟೇ ಸಹಜ. ಕೋಚ್ ಬೋಸ್ಮಾ ಒದೆಸಲಿಲ್ಲ. ಹುಡುಗರು ನುಗ್ಗಿದರು. ರೆಫರಿ ಸರಪಳಿ ಹಿಡಿದ ನಮ್ಮನ್ನು ಒಳಗೆ ಕರೆಸಿ ಅಳೆಸಿದ. ಒಂದು ಗೇಣು ಕಡಿಮೆ. ಚೆಂಡು ಅಲ್ಲಿಯೇ ಎದುರಾಳಿಗಳ ಪಾಲಾಯಿತು, ಒಂದು ಅಂಕದಿಂದ ಸೋತೆವು. ಸರಪಳಿಯನ್ನು ಕೊಂಚ ಸಡಿಲ ಹಿಡಿಯಬಾರದಿತ್ತೇ ಎಂದು ಶನಿವಾರ ಅಂಗಡಿಗೆ ಬಂದ ಹನ್ನೊಂದು ಮಂದಿ ಕೇಳಿದರು. ಅವರಲ್ಲಿ ನಮ್ಮ ಪಾದ್ರಿಯೂ ಒಬ್ಬರು.

ಸೋಮವಾರ ಸಂಜೆ ಶಾಲೆಯ ಊಟದ ಹಾಲಿನಲ್ಲಿ ತಂಡದ ಅಭಿಮಾನಿ ಸಂಘ ಸೇರುತ್ತದೆ. ಪುಡಿಮಾಂಸ ತುಂಬಿದ ಬನ್ ತಿನ್ನುತ್ತಿರುವ ಅರವತ್ತು ಮಂದಿಗೆ ಕೋಚ್ ಆದವನು ಪಂದ್ಯದ ವಿಡಿಯೋ ತೋರಿಸಿ ವಿವರಣೆ ಕೊಡಬೇಕು. ಗೆದ್ದ ವಾರ ಅದು ಸತ್ಕಾರ, ಸೋತ ವಾರ ವಿಚಾರಣೆ. ಬೀಜದ ವ್ಯಾಪಾರಿ ವರ್ಲಿನ್ ಸ್ಕಟ್ ಸಂಘಕ್ಕೂ ಅಧ್ಯಕ್ಷ, ಶಾಲಾ ಮಂಡಳಿಗೂ ಅಧ್ಯಕ್ಷ. ಆ ನಾಲ್ಕನೇ ಸರದಿಯನ್ನು ಅವನು ನಾಲ್ಕು ಸಲ ಹಾಕಿಸಿದ.

"ಕೋಚ್, ಒದೀರಿ ಅಂತ ಸಾವಿರ ಜನ ಕೂಗಿದ್ರು. ಕೇಳಿಸ್ಲಿಲ್ವಾ?"

"ಕೇಳಿಸ್ತು."

"ಮತ್ತೆ ಯಾರ ಮಾತು ಕೇಳಿದ್ರಿ?"

ಉತ್ತರ ಹಿಂದಿನ ಮೇಜಿನಿಂದ ಬಂತು. "ನನ್ ಮಾತು."

ಆರ್ಡಿತ್ ಹುಕ್‌ಸ್ಟ್ರಾ ಈ ಶಾಲೆಯಲ್ಲಿ ಅಡುಗೆ, ಹೊಲಿಗೆ ಕಲಿಸಿ ನಿವೃತ್ತರಾದವರು. ಹಾಲಿನಲ್ಲಿದ್ದ ಅರ್ಧಕ್ಕರ್ಧ ಮಂದಿಗೆ ಗುಂಡಿ ಹೊಲಿಯಲು ಬರುವುದಿದ್ದರೆ ಅದು ಅವರಿಂದ. ಮೂವತ್ತನಾಲ್ಕು ಸೀಸನ್‌ಗಳ ಪ್ರತಿಯೊಂದು ಸರದಿಯನ್ನೂ ಅವರು ಪೆನ್ಸಿಲಿನಲ್ಲಿ ಬರೆದಿಟ್ಟಿದ್ದಾರೆ. ಅದನ್ನೆಲ್ಲ ಕೂಡಿಸಿ, ಎಲ್ಲಿ ಎಷ್ಟು ಗಜ ಉಳಿದಿದ್ದರೆ ನುಗ್ಗಬೇಕು, ಯಾವಾಗ ಒದೆಯಬೇಕು ಎಂದು ಅಂಗೈಯಗಲದ ಕಾರ್ಡೊಂದನ್ನು ಬರೆದು ಬೋಸ್ಮಾನಿಗೆ ಕೊಟ್ಟವರೂ ಅವರೇ.

"ಮಿಸೆಸ್ ಹುಕ್‌ಸ್ಟ್ರಾ," ಎಂದ ವರ್ಲಿನ್, ತನಗರಿವಿಲ್ಲದೆಯೇ ವಿದ್ಯಾರ್ಥಿಯ ದನಿಗೆ ಇಳಿದು, "ಕೇಕಿನ ಅಳತೆ ಬೇರೆ, ಫುಟ್‌ಬಾಲ್ ಬೇರೆ."

"ನೀನ್ ಮಾಡಿದ ಕೇಕ್ ನೆನಪಿದೆ ಕಣೋ. ಅದ್ರಲ್ಲೂ ಅಳತೆ ಇರ್ಲಿಲ್ಲ." ಹಾಲ್ ನಕ್ಕಿತು. "ಈಗ ಕೇಳು. ನಮ್ಮ ಅರ್ಧದಿಂದ ನೂರ್ ಸಲ ಒದ್ರೆ ಮೂವತ್ತೆಂಟು ಸಲ ಅವರು ವಾಪಸ್ ಬಂದು ಪಾಯಿಂಟ್ ತಗೊಂಡಿದ್ದಾರೆ. ಎರಡು ಗಜಕ್ಕೆ ನುಗ್ಗಿದ್ರೆ ನೂರಕ್ಕೆ ಅರವತ್ತೆಂಟು ಸಲ ದಾಟ್ತೀವಿ. ಎಡವೋದು ಮೂವತ್ತೆರಡು. ಆ ಮೂವತ್ತೆರಡ್ರಲ್ಲಿ ಅವರಿಗೆ ಪಾಯಿಂಟ್ ಸಿಗೋದು ಹದಿನೆಂಟು. ಹದಿನೆಂಟು ದೊಡ್ಡದೋ, ಮೂವತ್ತೆಂಟು ದೊಡ್ಡದೋ?"

"ಶುಕ್ರವಾರ ಆ ಹದಿನೆಂಟ್ರಲ್ಲಿ ಒಂದು ಆಗೋಯ್ತಲ್ಲ!"

"ಆಯ್ತು. ಹದಿನೆಂಟು ಅಂದ್ರೆ ಸೊನ್ನೆ ಅಂತ ನಾನ್ ಯಾವತ್ತೂ ಕಲಿಸಿಲ್ಲ."

"ಒದ್ದು ಸೋತವರನ್ನ ಈ ಊರಲ್ಲಿ ನಾನಂತೂ ನೋಡಿಲ್ಲ," ಎಂದ ವರ್ಲಿನ್.

ಅವನು ಹಾಗೆ ಹೇಳಬಾರದಿತ್ತು. ಆರ್ಡಿತ್ ಚೀಲದಿಂದ ಹಳೆಯ ನೋಟ್‌ಬುಕ್ ಒಂದನ್ನು ತೆಗೆದು ಕನ್ನಡಕ ಏರಿಸಿಕೊಂಡರು.

"ತೊಂಬತ್ತೊಂದನೇ ಇಸವಿ, ಅಕ್ಟೋಬರ್ ಹನ್ನೊಂದು. ನಾಲ್ಕನೇ ಸರದಿ, ಒಂದು ಗಜ ಬಾಕಿ. ವರ್ಲಿನ್ ಸ್ಕಟ್ ಒದೆತ, ಅರವತ್ತೊಂದು ಗಜ."

ಚಪ್ಪಾಳೆ ಬಿತ್ತು. ಆ ಒದೆತ ಶಾಲೆಯ ಪಡಸಾಲೆಯಲ್ಲಿ ಹಿತ್ತಾಳೆಯ ಫಲಕವಾಗಿ ಇಂದಿಗೂ ಇದೆ.

"ತಾಳ್ರಿ, ಮುಂದಿನ ಸಾಲೂ ಇದೆ. ಎದುರಾಳಿ, ಏಳು ಸರದಿ, ಗೆರೆ ದಾಟಿ ಟಚ್‌ಡೌನ್. ಹದಿನಾಲ್ಕು–ಹತ್ತು, ನಮಗೆ ಸೋಲು. ಆ ಸೋಮವಾರ ನಿನ್ನ ಕೋಚ್ ಇಲ್ಲಿ ನಿಂತು ತಪ್ಪಾಯ್ತು ಅಂದ್ರಾ? ಇಲ್ಲ. ನಾವು ಫಲಕ ಮಾಡಿಸಿದ್ವಿ."

ಒಂದೆರಡು ಬನ್ನುಗಳು ಬಾಯಿಯವರೆಗೆ ಬಂದು ನಿಂತವು. ಆ ಪಂದ್ಯ ಗೆದ್ದೆವೆಂದೇ ವರ್ಲಿನ್ ಇಷ್ಟು ವರ್ಷ ನಂಬಿದ್ದ. ಊರೂ ನಂಬಿತ್ತು. ಅವನ ಕತ್ತು ಕೆಂಪಾಯಿತು.

"ಕೋಚ್, ಒಂದೇ ಮಾತು. ತಪ್ಪಾಯ್ತು ಅನ್ನಿ, ಆ ಕಾರ್ಡ್ ಇಲ್ಲಿಡಿ. ಇಲ್ಲಾಂದ್ರೆ ಮುಂದಿನ ಸೋಮವಾರದಿಂದ ಮಂಡಳಿ ಹೊಸ ಕೋಚ್‌ನ ಹುಡುಕತ್ತೆ."

ಬೋಸ್ಮಾನಿಗೆ ಇದು ಮೂರನೇ ಊರು, ಮನೆಯಲ್ಲಿ ಮೂರನೇ ಮಗು ಬರುವುದರಲ್ಲಿತ್ತು. ಅವನು ಕಾರ್ಡನ್ನು ಅಂಗಿಯ ಜೇಬಿಗೆ ಇಳಿಸಿದ.

"ಶುಕ್ರವಾರ ಬನ್ನಿ," ಎಂದ, ಅಷ್ಟೇ.

ಶುಕ್ರವಾರ ಎಲ್ಲರೂ ಬಂದರು, ಫುಟ್‌ಬಾಲ್ ಕಂಡರಾಗದವರೂ. ಪಂದ್ಯದ ನಾಲ್ಕು ಭಾಗಗಳಲ್ಲಿ ಎರಡನೆಯದರಲ್ಲಿ, ನಮ್ಮ ಅರ್ಧದಲ್ಲೇ ನಾಲ್ಕನೇ ಸರದಿ ಬಂತು, ಎರಡು ಗಜ ಬಾಕಿ. ಬೋಸ್ಮಾ ನುಗ್ಗಿಸಿದ. ಸಿಗಲಿಲ್ಲ, ಎದುರಾಳಿ ಮೂರು ಅಂಕ ಮಾಡಿಕೊಂಡ. ಜನ ಬೈದ ಬೈಗುಳಗಳಲ್ಲಿ ಕೆಲವನ್ನು ನಾನು ನಮ್ಮೂರಿನಲ್ಲಿ ಅದೇ ಮೊದಲು ಕೇಳಿದ್ದು.

ಕೊನೆಯ ಭಾಗದಲ್ಲಿ ನಾಲ್ಕು ಅಂಕ ಹಿಂದಿದ್ದಾಗ ಮತ್ತೆ ಅದೇ. ನಮ್ಮ ಗೆರೆಗೆ ಇನ್ನೂ ಹತ್ತಿರದ ಜಾಗ, ಅದೇ ಎರಡು ಗಜ. ವರ್ಲಿನ್ ಮೆಟ್ಟಿಲಿಳಿದು ಬೇಲಿಯವರೆಗೆ ಬಂದ.

"ಬೋಸ್ಮಾ! ಒದೆಸ್ರೀ! ಬುದ್ಧಿ ಇದ್ಯಾ?"

ಬೋಸ್ಮಾ ತಿರುಗಿದ. "ನೀವೇ ಬಂದು ಒದೀತೀರಾ? ಬೂಟ್ ಕೊಡಿಸ್ಲಾ?"

ಹುಡುಗರು ನುಗ್ಗಿದರು. ಐದು ಗಜ. ಅಳೆಯುವ ಪ್ರಮೇಯವೇ ಬರಲಿಲ್ಲ. ಹನ್ನೊಂದು ಸರದಿಗಳಾದ ಮೇಲೆ ಗೆರೆ ದಾಟಿದರು. ಇಪ್ಪತ್ತೇಳು–ಇಪ್ಪತ್ತನಾಲ್ಕು. ನಾನು ಕೂಗಲಿಲ್ಲ, ಕೆಮ್ಮಿದೆ, ಕೊಂಚ ಜೋರಾಗಿ.

ಸೋಮವಾರ ಬನ್ ಬಡಿಸುವ ಮೊದಲೇ ವರ್ಲಿನ್ ಎದ್ದು ನಿಂತ. ಮುಖದ ತುಂಬ ನಗು.

"ಕಾರ್ಡ್ ಸರಿ ಅಂತ ಸಾಬೀತಾಯ್ತು! ಕೋಚ್ ಎಲ್ಲೂ ಹೋಗಲ್ಲ. ಮಂಡಳಿ ಪರವಾಗಿ ನಾನೇ ಹೇಳ್ತಿದೀನಿ."

ಚಪ್ಪಾಳೆಯೋ ಚಪ್ಪಾಳೆ. ಬೋಸ್ಮಾ ಒಂದು ವಾರದಿಂದ ಹಿಡಿದಿಟ್ಟಿದ್ದ ಉಸಿರು ಬಿಟ್ಟ. ಆಗ ಆರ್ಡಿತ್ ಎದ್ದರು.

"ಏನೂ ಸಾಬೀತಾಗಿಲ್ಲ. ಕೂತ್ಕೋ ವರ್ಲಿನ್."

"ಮೇಡಂ, ಬಿಡಿ, ದಯವಿಟ್ಟು," ಎಂದು ಬೋಸ್ಮಾ ಪಿಸುಗುಟ್ಟಿದ.

"ಹೋದ ವಾರ ಸೋತಾಗ ಕಾರ್ಡ್ ತಪ್ಪಾಗಿರ್ಲಿಲ್ಲ. ಈ ವಾರ ಗೆದ್ದಿದ್ದಕ್ಕೆ ಅದು ಸರಿಯಾಗ್ಲೂ ಇಲ್ಲ. ಗೆದ್ರು ಅಂತ ಇವರನ್ನ ಇಟ್ಕೊಂಡ್ರೆ, ಸೋತ್ರು ಅಂತ ತೆಗೀತೀಯ. ಇಟ್ಕೊಳ್ಳೋದಾದ್ರೆ ಆ ಹದಿನೆಂಟನ್ನೂ ಸೇರಿಸಿ ಇಟ್ಕೋ."

"ಅಂದ್ರೆ, ಸೋತ್ರೂ ನಾವು ಬಾಯ್ ಮುಚ್ಕೊಂಡಿರ್ಬೇಕಾ?"

"ಬೈಯಪ್ಪಾ, ಎಷ್ಟ್ ಬೇಕಾದ್ರೂ ಬೈ. ಕೆಲಸದ ತಂಟೆಗೆ ಬರ್ಬೇಡ."

ವರ್ಲಿನ್ ಬೋಸ್ಮಾನ ಕಡೆ ತಿರುಗಿದ. ಈ ಮುದುಕಿಗೆ ನೀವಾದರೂ ಹೇಳಿ ಎಂಬಂತಿತ್ತು ಆ ನೋಟ. "ನೀವೇನಂತೀರಿ, ಕೋಚ್?"

ಬೋಸ್ಮಾ ತಟ್ಟೆಯನ್ನು ಪಕ್ಕಕ್ಕೆ ಸರಿಸಿದ. "ಅವರು ಹೇಳಿದ್ದೇ. ಆಗಲ್ಲಾಂದ್ರೆ ಹೊಸಬ್ರನ್ನ ಇವತ್ತೇ ಹುಡುಕಿ. ಕಾಯೋದ್ಯಾಕೆ?"

ಯಾರೂ ಚಪ್ಪಾಳೆ ತಟ್ಟಲಿಲ್ಲ. ವರ್ಲಿನ್ ಟೋಪಿ ತೆಗೆದು ತಲೆ ಕೆರೆದುಕೊಂಡ. ವ್ಯಾಪಾರಿಯಲ್ಲವೇ, ಚೌಕಾಸಿಗೆ ಇಳಿದ.

"ಈ ಸೀಸನ್ ಮುಗಿಯೋ ತನಕ."

"ಮೂರು ಸೀಸನ್," ಎಂದರು ಆರ್ಡಿತ್. "ಲೆಕ್ಕ ಗೊತ್ತಾಗೋಕೆ ಅಷ್ಟಾದ್ರೂ ಬೇಕು."

"ಎರಡು."

"ಮೂರು."

"ಬರ್ಕೊಳ್ರಪ್ಪಾ, ಮೂರು," ಎಂದು ಕಾರ್ಯದರ್ಶಿಗೆ ಹೇಳಿ ವರ್ಲಿನ್ ಕೂತ. "ಆದ್ರೆ ಬೈಯೋದು ಮಾತ್ರ ಬಿಡಲ್ಲ."

ಬೋಸ್ಮಾ ದೀಪ ಆರಿಸಿ ವಿಡಿಯೋ ಹಾಕಿದ. ಎಲ್ಲರೂ ಕೊನೆಯ ಟಚ್‌ಡೌನ್ ನೋಡಲು ಕುರ್ಚಿ ಮುಂದಕ್ಕೆಳೆದುಕೊಂಡಿದ್ದರು. ಅವನು ತೋರಿಸಿದ್ದು ಎರಡನೇ ಭಾಗದಲ್ಲಿ ಸಿಗದೆ ಹೋದ ಆ ಎರಡು ಗಜಗಳನ್ನು.

"ಇದನ್ನ ಮತ್ತೆ ಮಾಡ್ತೀನಿ," ಎಂದ. "ಬೈಯೋರು ಈಗ ಶುರು ಮಾಡ್ಬಹುದು."