ಅಣ್ಣ ತಂಗಿಗೆ ಒಂದೇ ಬುಟ್ಟಿ

ಬಹಳ ಹಿಂದೇನಲ್ಲ, ಹೋದ ಆಷಾಢದಲ್ಲಿ, ಹುಮನಾಬಾದಿನ ಓಣಿಯೊಂದರಲ್ಲಿ ಒಬ್ಬ ರಾಜಕುಮಾರ, ಅವನಿಗೊಬ್ಬಳು ತಂಗಿ ಇದ್ದರು. ಅರಮನೆಯೆಂದರೆ ಕುಲ್ಸುಮ್ ಬೀಯ ಅಂಗಳದಲ್ಲಿದ್ದ ಹಳೆಯ ಕೂಲರಿನ ಡಬ್ಬ. ಬೀದಿಪಾಲಾದ ಬೆಕ್ಕಿನ ಮರಿಗಳನ್ನು ಎತ್ತಿ ತಂದು, ಒಳ್ಳೆಯ ಮನೆ ಸಿಗುವವರೆಗೆ ಸಾಕುವುದು ಆ ಮುದುಕಿಯ ಹವ್ಯಾಸ. ಬಿಳಿ ಅಣ್ಣನಿಗೆ ಶಕ್ಕರ್, ಕರಿ ತಂಗಿಗೆ ಜಾಮೂನ್ ಎಂದು ಹೆಸರಿಟ್ಟಿದ್ದಳು.

"ಒಯ್ದರ ಎರಡೂ ಒಯ್ಯಬೇಕು ಬೇಟಿ. ಜೋಡಿ ಅಗಲಿಸಬಾರ್ದು" ಎಂದಿದ್ದಳು. ಬಸವಕಲ್ಯಾಣದ ಶಿಶುವಿಹಾರದ ಟೀಚರು ವಿಶಾಖಾ ಹೂಂ ಎಂದು ಮಾತು ಕೊಟ್ಟಿದ್ದಳು.

ಅಡ್ಡ ಬಂದದ್ದು ಅವಳ ಅಜ್ಜಿ ಮಾಣಿಕಮ್ಮನ ಕಟ್ಟಳೆ. "ಬೆಕ್ಕ ತರೋದಿದ್ರ ಚೀಲದಾಗ ಹಾಕ್ಕೊಂಡು ಬಾ. ದಾರಿ ನೋಡ್ತಂದ್ರ ತಿರುಗಿ ಹೋಗ್ತದ. ಒಂದ ಚೀಲಕ್ಕ ಒಂದ, ಇಲ್ಲಂದ್ರ ಪರಚಾಡ್ತಾವ."

ಎರಡು ಚೀಲ ಹಿಡಿದು ಬಸ್ಸಿನಲ್ಲಿ ನಿಲ್ಲುವುದಾಗದೆಂದು, ಭಾನುವಾರ ವಿಶಾಖಾ ಶಕ್ಕರನೊಬ್ಬನನ್ನೇ ತಂದಳು. ತಂಗಿಯನ್ನು ಮುಂದಿನ ಭಾನುವಾರ ತಂದರಾಯಿತು ಎಂದುಕೊಂಡಳು. ಶಕ್ಕರನನ್ನು ತಂದ ದಿನ ಕುಲ್ಸುಮ್ ಬೀ ಮನ್ನಾಏಖೇಳ್ಳಿಯ ಮದುವೆಗೆ ಹೋಗಿದ್ದಳು. ಜೋಡಿಯ ಮಾತು ತಿಳಿಯದ ಸೊಸೆ ಹುಮೇರಾ ಒಂದನ್ನೇ ಕೊಟ್ಟು ಕಳಿಸಿದಳು.

ವಿಶಾಖಾಳ ಮನೆಯಲ್ಲಿ ಶಕ್ಕರ್ ಮಂಚದಡಿ ಸೇರಿದವನು ಹೊರಬರಲಿಲ್ಲ, ಏನನ್ನೂ ತಿನ್ನಲಿಲ್ಲ. ಬುಧವಾರ ಕುಲ್ಸುಮ್ ಬೀಯ ಫೋನು ಬಂತು: "ಜಾಮೂನ್ ಹಾಲ ಮುಟ್ಟವಲ್ದು. ನನ್ನ ಶಕ್ಕರನ ವಾಪಸ್ ತಗೊಂಡ ಬಾ."

ದಿನವಿಡೀ ಮಕ್ಕಳ ಮೂಗೊರೆಸಿ ಬಳಲಿದ್ದ ವಿಶಾಖಾ ಅವನನ್ನು ಮತ್ತೆ ಚೀಲಕ್ಕಿಳಿಸಿ ಬಸ್ಸು ಹತ್ತಿದಳು. ನಡುದಾರಿಯ ರಾಜೇಶ್ವರ ಊರು ದಾಟಿದರೂ ತೊಡೆಯ ಮೇಲಿನ ಚೀಲ ಮಿಸುಕಲಿಲ್ಲ.

ಕುಲ್ಸುಮ್ ಬೀ ಬಾಗಿಲಲ್ಲೇ ಕಾದಿದ್ದಳು. "ಟೀಚರ್ ಅದಿ, ಎರಡಂದ್ರ ಎಷ್ಟಂತ ಗೊತ್ತಿಲ್ಲೇನು?"

"ತಪ್ಪಾತ್ರಿ ಖಾಲಾ. ದಾರಿ ನೋಡಬಾರ್ದು, ಒಂದ ಚೀಲಕ್ಕ ಒಂದ ಅಂತ ನಮ್ಮ ಆಯಿ ಅಂದಿದ್ಳು."

"ಇನ್ನ ಕೊಡಂಗಿಲ್ಲ ನಾ."

ಮುದುಕಿ ಚೀಲ ಬಿಚ್ಚಿದಳು. ಜಾಮೂನ್ ಬಂದು ಅಣ್ಣನನ್ನು ಮೂಸಿ, ಗೋಣಿಯ ವಾಸನೆಗೆ ಮುಖ ಸಿಂಡರಿಸಿ, ಆಮೇಲೆ ಕಿವಿಯಿಂದ ಶುರುಮಾಡಿ ನೆಕ್ಕತೊಡಗಿದಳು. ವಿಶಾಖಾ ಗೋಡೆಗೊರಗಿ ಕೂತಳು. ವಾದಿಸಲು ತ್ರಾಣವಿರಲಿಲ್ಲ, ಕಣ್ಣು ತಾನಾಗಿ ಮುಚ್ಚಿತು.

ಕಣ್ಣು ಬಿಟ್ಟಾಗ ಎದುರಿಗೆ ಚಹಾ, ಪಕ್ಕದಲ್ಲಿ ಮುಚ್ಚಳದ ಬಿದಿರು ಬುಟ್ಟಿ. ಎರಡೂ ಅದರೊಳಗೆ ಒಂದರ ಮೇಲೊಂದು ಮಲಗಿದ್ದವು.

"ಇಷ್ಟ ದಣದ್ರೂ ತಂದಿ, ಎರಡೂ ಒಯ್ಯಿ. ಚೀಲದ ಮಾತ ಬಿಡು. ದಾರಿ ನೋಡ್ಲಿ" ಎಂದಳು ಕುಲ್ಸುಮ್ ಬೀ. "ಇಬ್ಬರೂ ಕೂಡಿ ಹೋದ್ರ, ತಿರುಗಿ ಬರಾಕ ಇಲ್ಲಿ ಯಾರದಾರ? ಎರಡೂ ಉಂಡ ಮ್ಯಾಲ ಫೋನ್ ಮಾಡು. ಉಣ್ಣಲಿಲ್ಲಂದ್ರ ನಾಳೆ ನಾನ ಬಂದು ಒಯ್ತೀನಿ."

ಬಸ್ಸಿನಲ್ಲಿ ಕಂಡಕ್ಟರು ಬುಟ್ಟಿಯ ಸಂದಿಯಲ್ಲಿ ಇಣುಕಿ, ಅಣ್ಣ ತಂಗಿ ಎಂದು ಕೇಳಿ ತಿಳಿದ. "ಹೆಣ್ಣಿಗೆ ಫ್ರೀ ಅದರಿ. ಗಂಡಿಗೆ ಟಿಕೆಟ್ ತಗೋರಿ." ಸುತ್ತಲಿನವರು ನಕ್ಕರು. ವಿಶಾಖಾಳೂ ನಗಲು ನೋಡಿದಳು, ಆಕಳಿಕೆ ಬಂತು.

ಮನೆಯಲ್ಲಿ ಮಾಣಿಕಮ್ಮ ಬುಟ್ಟಿ ಕಂಡು ಹಣೆ ಬಡಿದುಕೊಂಡಳು. "ಅಯ್ಯ, ದಾರಿಯೆಲ್ಲ ನೋಡ್ಯಾವಲ್ಲ!"

"ನೋಡ್ಯಾವ ಆಯಿ" ಎಂದಷ್ಟೇ ಹೇಳಿ, ಚಪ್ಪಲಿ ಬಿಡದೆ ಹೊಸ್ತಿಲಲ್ಲೇ ಕುಸಿದಳು.

ಗೊಣಗುತ್ತಲೇ ಅಜ್ಜಿ ಒಂದೇ ತಾಟಿನಲ್ಲಿ ಹಾಲು ಹಾಕಿ, ರೊಟ್ಟಿ ಮುರಿದಳು. ಜಾಮೂನ್ ಮೊದಲು ಬಾಯಿ ಇಟ್ಟಳು. ಶಕ್ಕರ್ ನಿಂತು ನೋಡಿದ. ಅವನು ತಂಗಿಯ ಭುಜಕ್ಕೆ ಭುಜ ಒತ್ತಿ, ತಾಟಿಗೆ ಬಗ್ಗಿದ.

ವಿಶಾಖಾ ಫೋನು ತೆಗೆದಳು. "ಖಾಲಾ, ಉಣ್ಣಾಕತ್ಯಾವ."

"ಎರಡೂ?"

"ಎರಡೂ."